ಎಣಿಸಲು ಬಿಟ್ಟರು, ಓದಲು ಬಿಡಲಿಲ್ಲ: ಕಪ್ಪು ಅಮೆರಿಕನ್ನರು ಪದ್ಯ, ಶಾಲೆ, ಚರಿತ್ರೆಗಳನ್ನು ಕಟ್ಟಿಕೊಂಡ ಬಗೆ

ನನ್ನ ತಂಗಿಯ ಮಗಳು ನ್ಯೂಜೆರ್ಸಿಯಲ್ಲಿ ಆರನೇ ಕ್ಲಾಸು. ಈ ಫೆಬ್ರವರಿಯಲ್ಲಿ ಒಂದು ದಿನ ವಿಡಿಯೋ ಕಾಲ್ ಮಾಡಿ, "ದೊಡ್ಡಮ್ಮಾ, ಒಂದು ಪದ್ಯ ಹೇಳ್ತೀನಿ ಕೇಳು" ಅಂದಳು. ನದಿಗಳ ಪದ್ಯ. ಯೂಫ್ರಟೀಸ್, ಕಾಂಗೊ, ನೈಲ್, ಮಿಸಿಸಿಪ್ಪಿ ಎಲ್ಲ ಬಂದು ಹೋದವು. ಶಾಲೆಯಲ್ಲಿ 'ಬ್ಲ್ಯಾಕ್ ಹಿಸ್ಟರಿ ಮಂತ್' ನಡೆಯುತ್ತಿದೆ, ಅದಕ್ಕೆ ಬಾಯಿಪಾಠ ಮಾಡಿಸಿದ್ದಾರೆ ಅಂದಳು. ಆಮೇಲೆ ಅವಳೇ ಕೇಳಿದಳು: "ಚರಿತ್ರೆಯ ತಿಂಗಳಲ್ಲಿ ಪದ್ಯ ಯಾಕೆ ಕಲಿಸ್ತಾರೆ?"

ಅಮೆರಿಕದಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ಎಷ್ಟೋ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಬಂದಿರಬಹುದು. ಈ ವರ್ಷ ಹೆಚ್ಚೇ ಬಂದಿರಬಹುದು, ಏಕೆಂದರೆ ಈ ಆಚರಣೆ ಶುರುವಾದದ್ದು 1926ರ ಫೆಬ್ರವರಿಯಲ್ಲಿ. ಈಗ ಅದಕ್ಕೆ ನೂರು ತುಂಬಿತು. ಪದ್ಯ, ಶಾಲೆ, ಚರಿತ್ರೆ ಈ ಮೂರನ್ನೂ ಕಪ್ಪು ಅಮೆರಿಕನ್ನರು ಒಂದೇ ಹಗ್ಗದ ಮೂರು ಎಳೆಗಳಂತೆ ಹೊಸೆದುಕೊಂಡರು. ಯಾಕೆ ಹಾಗಾಯಿತು ಎಂದು ತಿಳಿಯಲು ಬುಡದಿಂದಲೇ ಬರಬೇಕು.

ಮೊದಲು ಒಂದೆರಡು ಪದ

ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದು ಮಾರಿದ ಜನರ ಸಂತತಿಯನ್ನು ಅಮೆರಿಕದಲ್ಲಿ ಹಿಂದೆ 'ನೀಗ್ರೊ' ಎನ್ನುತ್ತಿದ್ದರು. ಆ ಕಾಲದ ಕಪ್ಪು ವಿದ್ವಾಂಸರು ತಮ್ಮನ್ನು ತಾವೇ ಹಾಗೆ ಕರೆದುಕೊಂಡದ್ದೂ ಉಂಟು, ಹಳೆಯ ಸಂಸ್ಥೆಗಳ ಹೆಸರುಗಳಲ್ಲಿ ಆ ಪದ ಉಳಿದಿದೆ. ಇಂದು ಅದನ್ನು ಬಳಸುವುದು ಅವಮಾನ. ಕಪ್ಪು ಅಮೆರಿಕನ್ನರು, ಆಫ್ರಿಕನ್ ಅಮೆರಿಕನ್ನರು ಎನ್ನುವುದು ಈಗಿನ ರೂಢಿ.

ಇನ್ನೊಂದು ಮಾತು 'ಅಪ್‌ಲಿಫ್ಟ್'. ನಮ್ಮಲ್ಲಿ 'ಉದ್ಧಾರ' ಎಂದರೆ ಮೇಲಿನವರು ಕೆಳಗಿನವರಿಗೆ ಮಾಡುವ ಉಪಕಾರದ ಛಾಯೆ ಬಂದುಬಿಡುತ್ತದೆ. ಅಲ್ಲಿ ಆ ಪದಕ್ಕೆ ಬೇರೆ ಬಣ್ಣವಿತ್ತು. ಕಪ್ಪು ಮಹಿಳೆಯರ ಸಂಘಗಳೆಲ್ಲ ಸೇರಿ 1896ರಲ್ಲಿ ಒಂದು ರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಮೇರಿ ಚರ್ಚ್ ಟೆರೆಲ್ ಅದರ ಮೊದಲ ಅಧ್ಯಕ್ಷೆ. ಅವರು ಇಟ್ಟುಕೊಂಡ ಧ್ಯೇಯವಾಕ್ಯವನ್ನು ಕನ್ನಡದಲ್ಲಿ 'ಏರುತ್ತಲೇ ಎತ್ತುತ್ತ' ಎನ್ನಬಹುದು. ಒಬ್ಬಳು ಒಂದು ಮೆಟ್ಟಿಲು ಹತ್ತಿದರೆ, ಹಿಂದಿನವಳ ಕೈ ಹಿಡಿದೇ ಹತ್ತಬೇಕು.

ಓದು ಏಕೆ ಅಪರಾಧವಾಗಿತ್ತು?

ಗುಲಾಮಗಿರಿಯ ಕಾಲದಲ್ಲಿ ಗುಲಾಮನೊಬ್ಬ ತೋಟ ಬಿಟ್ಟು ಹೊರಗೆ ಹೋಗಬೇಕಾದರೆ ಯಜಮಾನನ ಕೈಬರಹದ ಚೀಟಿ ಬೇಕಿತ್ತು. ಬರೆಯಲು ಬಂದವನು ಆ ಚೀಟಿಯನ್ನು ತಾನೇ ಬರೆದುಕೊಂಡು ಹೊರಟುಬಿಡಬಹುದು. ಓದಲು ಬಂದವನಿಗೆ ಉತ್ತರದ ರಾಜ್ಯಗಳಲ್ಲಿ ಗುಲಾಮಗಿರಿ ಇಲ್ಲವೆಂಬುದು ತಿಳಿಯುತ್ತದೆ, ಬಂಡಾಯದ ಕರಪತ್ರ ಕೈಗೆ ಬಂದರೆ ಅರ್ಥವಾಗುತ್ತದೆ. ಇಷ್ಟೇ ಕಾರಣ, ಆದರೆ ಬಹಳ ದೊಡ್ಡ ಕಾರಣ.

ದಕ್ಷಿಣ ಕರೋಲಿನಾ 1740ರಲ್ಲೇ ಗುಲಾಮರಿಗೆ ಬರವಣಿಗೆ ಕಲಿಸುವುದಕ್ಕೆ 100 ಪೌಂಡ್ ದಂಡ ವಿಧಿಸಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಅಲ್ಲಿ ಗುಲಾಮರು ದಂಗೆಯೆದ್ದಿದ್ದರು. ಉತ್ತರ ಕರೋಲಿನಾದ 1830ರ ಕಾನೂನು ಇನ್ನೂ ಸ್ಪಷ್ಟ: ಗುಲಾಮನಿಗೆ ಓದು ಬರಹ ಕಲಿಸಿದ ಬಿಳಿಯರಿಗೆ 100ರಿಂದ 200 ಡಾಲರ್ ದಂಡ ಇಲ್ಲವೇ ಸೆರೆ, ಒಬ್ಬ ಗುಲಾಮ ಇನ್ನೊಬ್ಬ ಗುಲಾಮನಿಗೆ ಕಲಿಸಿದರೆ ಬರಿಬೆನ್ನಿಗೆ 39 ಚಾವಟಿ ಏಟು. ಅದೇ ಕಾನೂನಿನಲ್ಲಿ ಒಂದು ವಿನಾಯಿತಿಯಿತ್ತು. ಅಂಕಿಗಳನ್ನು ಕಲಿಸಬಹುದು! ಮೂಟೆ ಎಣಿಸಲು, ತೂಕ ಹೇಳಲು ಅಂಕಿ ಬೇಕಲ್ಲ, ಅದು ಯಜಮಾನನ ಕೆಲಸ. ಆ ಒಂದು ವಾಕ್ಯ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಎಲ್ಲ ಕಡೆ ಇಂಥ ಕಾನೂನು ಇರಲಿಲ್ಲ. ಇಲ್ಲದ ಕಡೆ ಯಜಮಾನನ ಮಾತೇ ಕಾನೂನು. ಬಾಲ್ಟಿಮೋರಿನಲ್ಲಿ ಫ್ರೆಡೆರಿಕ್ ಡಗ್ಲಸ್ ಎಂಬ ಗುಲಾಮ ಹುಡುಗನಿಗೆ ಮನೆಯೊಡತಿ ಎ ಬಿ ಸಿ ಹೇಳಿಕೊಡಲು ಶುರುಮಾಡಿದ್ದಳು. ಗಂಡ ಗದರಿ ನಿಲ್ಲಿಸಿದ: ಓದು ಕಲಿತವನು ಗುಲಾಮನಾಗಿ ಉಳಿಯುವುದಿಲ್ಲ ಎಂದ. ಹುಡುಗನಿಗೆ ದಾರಿ ಕಂಡದ್ದೇ ಆ ಮಾತಿನಲ್ಲಿ. ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ತುಂಡು ಕೊಟ್ಟು ಪಾಠ ಹೇಳಿಸಿಕೊಂಡ. ಹಡಗು ಕಟ್ಟುವಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ, ಅದು ಹಡಗಿನ ಯಾವ ಬದಿಗೆ ಸೇರಬೇಕೆಂದು ಒಂದೊಂದು ಅಕ್ಷರ ಗುರುತು ಹಾಕುತ್ತಿದ್ದರು. ಅವನ್ನು ನೋಡಿ ನಾಲ್ಕು ಅಕ್ಷರ ಬರೆಯಲು ಕಲಿತ. ಆಮೇಲೆ ಎದುರಾದ ಹುಡುಗರಿಗೆ "ನಿನ್ನಷ್ಟೇ ಚೆನ್ನಾಗಿ ನಾನೂ ಬರೀತೀನಿ" ಎಂದು ಸವಾಲು ಹಾಕಿ ಅವರಿಂದ ಉಳಿದದ್ದನ್ನು ಬರೆಸಿಕೊಂಡ. 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಹೋದ, 1845ರಲ್ಲಿ ತನ್ನ ಬದುಕಿನ ಕಥೆಯನ್ನು ತಾನೇ ಬರೆದು ಅಚ್ಚು ಹಾಕಿಸಿದ.

ಪದ್ಯದ ಕಥೆ ಇನ್ನೂ ಹಿಂದಿನದು. 1761ರಲ್ಲಿ ಪಶ್ಚಿಮ ಆಫ್ರಿಕಾದಿಂದ ಬಾಸ್ಟನ್ ಬಂದರಿಗೆ ಏಳೆಂಟು ವರ್ಷದ ಒಂದು ಹುಡುಗಿಯನ್ನು ತಂದಿಳಿಸಿದರು. ಅವಳನ್ನು ತಂದ ಹಡಗಿನ ಹೆಸರು 'ಫಿಲಿಸ್', ಕೊಂಡವರ ಮನೆತನ ವೀಟ್ಲಿ. ಅವಳು ಫಿಲಿಸ್ ವೀಟ್ಲಿ ಆದಳು. ಹುಟ್ಟಿದಾಗ ತಾಯಿ ಇಟ್ಟ ಹೆಸರು ಯಾರಿಗೂ ತಿಳಿಯದು. ಆ ಮನೆಯಲ್ಲಿ ಓದು ಕಲಿಸಿದರು, ಲ್ಯಾಟಿನ್ ಕೂಡ ಕಲಿತಳು, ಪದ್ಯ ಬರೆದಳು. 1773ರಲ್ಲಿ ಅವಳ ಕವನ ಸಂಕಲನ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಮೊದಲ ಪುಟಗಳಲ್ಲಿ ಬಾಸ್ಟನ್ನಿನ 18 ಮಂದಿ ಗಣ್ಯರು ಸಹಿ ಹಾಕಿದ ಒಂದು ಹೇಳಿಕೆಯಿದೆ: ಈ ಪದ್ಯಗಳನ್ನು ಬರೆದವಳು ಇವಳೇ ಎಂದು ನಾವು ನಂಬುತ್ತೇವೆ, ಅಂತ. ಗವರ್ನರ್ ಕೂಡ ರುಜು ಹಾಕಿದ್ದ. ಕಪ್ಪು ಮನುಷ್ಯರಿಗೆ ಬುದ್ಧಿಯಿದೆಯೇ ಎಂದು ಕೇಳುತ್ತಿದ್ದ ಕಾಲದಲ್ಲಿ ಒಂದು ಪದ್ಯ ಬರೆಯುವುದೆಂದರೆ ಸಾಕ್ಷಿ ಹೇಳಿದ ಹಾಗೆ. ಅಂದಿನಿಂದ ಕಪ್ಪು ಕಾವ್ಯದ ಹೆಗಲ ಮೇಲೆ ಆ ಭಾರ ಇದ್ದೇ ಇದೆ.

ಹೆಳವ ಬಾರದ ಮನೆ

ಚರಿತ್ರೆ ಅವರಿಗೆ ಅಷ್ಟು ಮುಖ್ಯ ಏಕೆ? ಇದನ್ನು ತಿಳಿಯಲು ನಮ್ಮ ಉತ್ತರ ಕರ್ನಾಟಕದ ಹೆಳವರನ್ನು ನೆನೆಸಿಕೊಳ್ಳಿ. ಎತ್ತಿನ ಮೇಲೆ ಊರೂರು ತಿರುಗಿ ಮನೆಯ ಮುಂದೆ ನಿಂತು ಮುತ್ತಜ್ಜ, ಅವನ ಅಪ್ಪ, ಅವನ ಅಣ್ಣತಮ್ಮಂದಿರು, ಯಾವ ಊರಿಂದ ಬಂದವರು ಎಂದು ವಂಶಾವಳಿಯನ್ನೇ ಹಾಡುತ್ತಿದ್ದರು. ಇಡೀ ಒಂದು ಜನಾಂಗಕ್ಕೆ ಅಂಥ ಹೆಳವನೂ ಇಲ್ಲ, ಕಡತವೂ ಇಲ್ಲ ಎಂದರೆ?

1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯದೇ ಪಟ್ಟಿ. ಅದರಲ್ಲಿ ಯಜಮಾನನ ಹೆಸರಿದೆ. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಗುಲಾಮರ ಹೆಸರನ್ನು ಬರೆಯುತ್ತಿರಲಿಲ್ಲ ಎಂದೇ ಹೇಳಬೇಕು. ಆ ಜನರೆಲ್ಲ ಹೆಸರಿನೊಂದಿಗೆ ದಾಖಲಾದದ್ದು 1870ರ ಗಣತಿಯಲ್ಲಿ. ಇಂದಿಗೂ ತಮ್ಮ ವಂಶ ಹುಡುಕುವ ಕಪ್ಪು ಕುಟುಂಬಗಳು ಆ ಇಸವಿಗೆ ಬಂದು ಗೋಡೆಗೆ ಮುಟ್ಟಿದಂತೆ ನಿಂತುಬಿಡುತ್ತವೆ. ಡಗ್ಲಸ್‌ಗೆ ತಾನು ಹುಟ್ಟಿದ ದಿನ ಗೊತ್ತಿರಲಿಲ್ಲ. ಫೆಬ್ರವರಿ 14 ಎಂದು ತಾನೇ ಆರಿಸಿಕೊಂಡ.

ಕೈಕೋಳ ಮಾರಿ ಕಾಗುಣಿತದ ಪುಸ್ತಕ

ಉತ್ತರ, ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧ ಮುಗಿದು, 1865ರಲ್ಲಿ ಗುಲಾಮಗಿರಿ ಕೊನೆಯಾಯಿತು. ಸುಮಾರು 40 ಲಕ್ಷ ಜನ ಸ್ವತಂತ್ರರಾದರು. ಅವರು ಮುಗಿಬಿದ್ದದ್ದು ಶಾಲೆಗಳಿಗೆ. ಅಜ್ಜಿಯರು ಮೊಮ್ಮಕ್ಕಳ ಪಕ್ಕದಲ್ಲಿ ಪಾಟಿ ಹಿಡಿದು ಕೂತರು. ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ 1866ರಲ್ಲಿ, ಸೈನ್ಯ ಬಿಟ್ಟುಹೋದ ಆಸ್ಪತ್ರೆಯ ಕಟ್ಟಡಗಳಲ್ಲಿ ಫಿಸ್ಕ್ ಶಾಲೆ ಶುರುವಾಯಿತು. ಮುಂದೆ ಅದೇ ವಿಶ್ವವಿದ್ಯಾಲಯ. ಊರಿನ ಗುಲಾಮರ ಸಂತೆಯಲ್ಲಿ ಉಳಿದಿದ್ದ ತುಕ್ಕು ಹಿಡಿದ ಕೈಕೋಳ, ಕಾಲುಬೇಡಿಗಳನ್ನು ಗುಜರಿಗೆ ಹಾಕಿ, ಬಂದ ಹಣದಲ್ಲಿ ಮಕ್ಕಳಿಗೆ ಕಾಗುಣಿತದ ಪುಸ್ತಕ ತಂದರು ಎಂದು ಅಲ್ಲಿನವರು ಹೇಳುತ್ತಾರೆ. ಹಣ ಸಾಲದೆ ಶಾಲೆ ಮುಚ್ಚುವ ಹಾಗಾದಾಗ, 1871ರಲ್ಲಿ ಅಲ್ಲಿನ ವಿದ್ಯಾರ್ಥಿಗಳ ಒಂದು ಮೇಳ ಹಾಡಲು ಹೊರಟಿತು. ಅವರು ಹಾಡಿದ್ದು ಅಪ್ಪ ಅಮ್ಮ ಹೊಲದಲ್ಲಿ ದುಡಿಯುತ್ತ ಹಾಡುತ್ತಿದ್ದ ಭಕ್ತಿಗೀತೆಗಳನ್ನೇ. ಇಂಗ್ಲೆಂಡಿನ ರಾಣಿಯ ಎದುರಿಗೂ ಹಾಡಿದರು. ಆ ದುಡ್ಡಿನಲ್ಲಿ ಎದ್ದ ಕಟ್ಟಡ ಇಂದಿಗೂ ನಿಂತಿದೆ.

ಇಂಥವೇ ವಿದ್ಯಾಸಂಸ್ಥೆಗಳು ಹೊವಾರ್ಡ್ 1867ರಲ್ಲಿ, ಹ್ಯಾಂಪ್ಟನ್ 1868ರಲ್ಲಿ, ಟಸ್ಕೀಗಿ 1881ರಲ್ಲಿ ಬಂದವು. 1870ರ ಗಣತಿಯಲ್ಲಿ ನೂರಕ್ಕೆ 80 ಮಂದಿ ಕಪ್ಪು ಜನರಿಗೆ ಅಕ್ಷರ ಬಾರದು. 1910ಕ್ಕೆ ಅದು ಸುಮಾರು 30ಕ್ಕೆ ಇಳಿದಿತ್ತು. ನಲವತ್ತು ವರ್ಷ, ಅಂದರೆ ಒಂದೂವರೆ ತಲೆಮಾರು.

ಇದು ಸರ್ಕಾರದ ಕೃಪೆಯಿಂದ ಆದದ್ದಲ್ಲ. 1896ರಲ್ಲಿ ಸುಪ್ರೀಂ ಕೋರ್ಟು 'ಬೇರೆ ಬೇರೆ ಇಟ್ಟರೂ ಸಮಾನವಾಗಿದ್ದರೆ ಸಾಕು' ಎಂದು ತೀರ್ಪು ಕೊಟ್ಟ ಮೇಲೆ, ಬೇರೆ ಇಡುವುದು ಉಳಿಯಿತು, ಸಮಾನತೆ ಬರಲಿಲ್ಲ. ಕಪ್ಪು ಮಕ್ಕಳ ಶಾಲೆಗೆ ತೂತುಬಿದ್ದ ಸೂರು, ಬಿಳಿ ಮಕ್ಕಳು ಓದಿ ಬಿಟ್ಟ ಹರಕು ಪುಸ್ತಕ. ಆಗ ಟಸ್ಕೀಗಿಯ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್ ಮತ್ತು ಸಿಯರ್ಸ್ ಎಂಬ ದೊಡ್ಡ ವ್ಯಾಪಾರ ಕಂಪನಿಯ ಜೂಲಿಯಸ್ ರೋಸನ್‌ವಾಲ್ಡ್ ಸೇರಿ 1912ರಲ್ಲಿ ಒಂದು ಯೋಜನೆ ಹಾಕಿದರು. ನಮ್ಮೂರಿನ ಗುಡಿ ಕಟ್ಟುವ ವಂತಿಗೆಯ ಲೆಕ್ಕದಂತೆ: ನೀವು ಇಷ್ಟು ಕೂಡಿಸಿ, ನಾವು ಇಷ್ಟು ಹಾಕುತ್ತೇವೆ, ಸರ್ಕಾರ ಇಷ್ಟು ಕೊಡಲಿ. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆಗಳು ಎದ್ದವು. ರೋಸನ್‌ವಾಲ್ಡ್ ನಿಧಿಯಿಂದ ಬಂದದ್ದು ಸುಮಾರು 43 ಲಕ್ಷ ಡಾಲರ್. ಕಪ್ಪು ಜನ ಕೊಟ್ಟದ್ದು ಅದಕ್ಕಿಂತ ಹೆಚ್ಚು, 47 ಲಕ್ಷ ಡಾಲರ್. ಉಳಿದದ್ದರಲ್ಲಿ ಬಹುಪಾಲು ತೆರಿಗೆಯ ಹಣ, ಆ ತೆರಿಗೆಯನ್ನು ಇವರೂ ಕಟ್ಟಿದ್ದರು. ಹೊಲದ ಒಂದು ಮೂಲೆಯಲ್ಲಿ ಶಾಲೆಯ ಹೆಸರಿನಲ್ಲೇ ಹತ್ತಿ ಬೆಳೆದರು, ಮರ ಕಡಿದು ಹಲಗೆ ಕೊಯ್ದರು. ಅಲಬಾಮಾದ ಒಂದು ಸಭೆಯಲ್ಲಿ, ಗುಲಾಮಗಿರಿಯನ್ನು ಕಣ್ಣಾರೆ ಕಂಡಿದ್ದ ಒಬ್ಬ ಮುದುಕ ಜಿಡ್ಡುಗಟ್ಟಿದ ಚೀಲ ತೆಗೆದು ಜೀವಮಾನದ ಗಳಿಕೆಯನ್ನೆಲ್ಲ ಮೇಜಿನ ಮೇಲೆ ಸುರಿದನಂತೆ. ಎಣಿಸಿದಾಗ 38 ಡಾಲರ್ ಇತ್ತು.

500 ಮಕ್ಕಳು, ಒಂದು ಹಾಡು

ಪದ್ಯ, ಶಾಲೆ, ಚರಿತ್ರೆ ಮೂರೂ ಎಲ್ಲಿ ಸೇರಿದವು ಎಂದು ಯಾರಾದರೂ ಕೇಳಿದರೆ ನಾನು ಈ ಒಂದು ಪ್ರಸಂಗ ಹೇಳುತ್ತೇನೆ.

ಫ್ಲಾರಿಡಾದ ಜ್ಯಾಕ್‌ಸನ್‌ವಿಲ್‌ನಲ್ಲಿ ಸ್ಟ್ಯಾಂಟನ್ ಎಂಬ ಕಪ್ಪು ಮಕ್ಕಳ ಶಾಲೆ. ಅದರ ಹೆಡ್‌ಮಾಸ್ಟರು ಜೇಮ್ಸ್ ವೆಲ್ಡನ್ ಜಾನ್ಸನ್, ಕವಿ. 1900ರ ಫೆಬ್ರವರಿ 12ರಂದು ಲಿಂಕನ್ ಜಯಂತಿಗೆ ಒಂದು ಹಾಡು ಬರೆದ, ತಮ್ಮ ರೋಸಮಂಡ್ ರಾಗ ಕಟ್ಟಿದ, 500 ಮಕ್ಕಳು ಒಟ್ಟಿಗೆ ಹಾಡಿದರು. ಪ್ರತಿಯೊಂದು ದನಿಯೂ ಮೇಲೇಳಲಿ ಎಂದು ಶುರುವಾಗಿ, ಬಂದ ದಾರಿಯ ಕಲ್ಲುಮುಳ್ಳು, ಕಣ್ಣೀರು ನೆನೆದು, ಮುಂದಿನ ದಾರಿಗೆ ಪ್ರಾರ್ಥಿಸುವ ಹಾಡು. ಆಮೇಲೆ ಅಣ್ಣತಮ್ಮಂದಿರು ನ್ಯೂಯಾರ್ಕಿಗೆ ಹೋದರು. ಹಾಡನ್ನು ಮರೆತೂಬಿಟ್ಟರು.

ಮಕ್ಕಳು ಮರೆಯಲಿಲ್ಲ. ಬೇರೆ ಶಾಲೆಗೆ ಹೋದಾಗ ಅಲ್ಲಿ ಹಾಡಿದರು. ದೊಡ್ಡವರಾಗಿ ಕೆಲವರು ಟೀಚರಾದರು, ತಮ್ಮ ಮಕ್ಕಳಿಗೆ ಕಲಿಸಿದರು. ಇಪ್ಪತ್ತು ವರ್ಷದೊಳಗೆ ದಕ್ಷಿಣದ ತುಂಬ ಅದು ಹಬ್ಬಿತ್ತು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆ 1919ರಲ್ಲಿ ಅದನ್ನು ತಮ್ಮ ಜನಾಂಗದ ಗೀತೆಯೆಂದು ಸ್ವೀಕರಿಸಿತು. ಜನಪದ ಹಾಡು ಬಾಯಿಂದ ಬಾಯಿಗೆ ಹೇಗೆ ಹರಿಯುತ್ತದೆಂದು ನಮಗೆ ಗೊತ್ತು. ಇಲ್ಲಿ ಹರಿಸಿದ್ದು ಶಾಲೆ.

ಕಪ್ಪು ಲೇಖಕಿ ಮಾಯಾ ಏಂಜೆಲೋ ತನ್ನ ಆತ್ಮಕಥೆಯಲ್ಲಿ ಬರೆದ ಒಂದು ದಿನವೂ ಇಲ್ಲಿಗೆ ಸೇರುತ್ತದೆ. 1940, ಅರ್ಕನ್ಸಾ ರಾಜ್ಯದ ಸ್ಟ್ಯಾಂಪ್ಸ್ ಎಂಬ ಸಣ್ಣ ಊರು, ಎಂಟನೇ ತರಗತಿ ಮುಗಿಸಿದ ಮಕ್ಕಳ ಸಮಾರಂಭ. ಅತಿಥಿಯಾಗಿ ಬಂದ ಬಿಳಿಯ ಮನುಷ್ಯ, ಬಿಳಿ ಮಕ್ಕಳ ಶಾಲೆಗೆ ಸೂಕ್ಷ್ಮದರ್ಶಕ ಬರುತ್ತವೆ, ನಿಮ್ಮಲ್ಲಿ ಒಳ್ಳೆಯ ಆಟಗಾರರು ಹುಟ್ಟುತ್ತಾರೆ ಎಂದು ಹೇಳಿ ಹೊರಟುಹೋದ. ಹೊಸ ಬಟ್ಟೆ ಉಟ್ಟು ಬಂದ ಮಕ್ಕಳ ಮುಖ ಬಾಡಿತು. ಆಗ ತರಗತಿಗೆ ಮೊದಲು ಬಂದಿದ್ದ ಹುಡುಗ ಭಾಷಣ ಮುಗಿಸಿ, ಜೊತೆಯವರ ಕಡೆ ತಿರುಗಿ ಈ ಹಾಡನ್ನು ಎತ್ತಿದ. ಎಲ್ಲರೂ ದನಿಗೂಡಿಸಿದರು. ದಿನಾ ಹಾಡಿದ್ದ ಹಾಡಿನ ಮಾತುಗಳು ಅಂದು ಮೊದಲ ಸಲ ಕಿವಿಗೆ ಬಿದ್ದಂತಾಯಿತು ಎನ್ನುತ್ತಾಳೆ ಆಕೆ. ಅವಳ ಶಾಲೆಯೂ ರೋಸನ್‌ವಾಲ್ಡ್ ವಂತಿಗೆಯ ಶಾಲೆಗಳಲ್ಲೊಂದು. ಅವಳ ಆತ್ಮಕಥೆಯ ಹೆಸರು ಬಂದದ್ದು ಪಾಲ್ ಲಾರೆನ್ಸ್ ಡನ್‌ಬಾರ್‌ನ ಪದ್ಯದಿಂದ. ಗುಲಾಮರಾಗಿದ್ದ ತಂದೆತಾಯಿಯ ಮಗ ಆತ, ಡೇಟನ್ ನಗರದಲ್ಲಿ ಲಿಫ್ಟ್ ನಡೆಸುತ್ತ, ಹತ್ತಿ ಇಳಿಯುವವರಿಗೆ ತನ್ನ ಮೊದಲ ಸಂಕಲನ ಮಾರಿದವನು.

1926ರಲ್ಲಿ ಏನಾಯಿತು?

ಈಗ ಫೆಬ್ರವರಿಗೆ ಬರೋಣ. ಕಾರ್ಟರ್ ವುಡ್‌ಸನ್ ಹುಟ್ಟಿದ್ದು 1875ರಲ್ಲಿ, ಗುಲಾಮಗಿರಿ ಕಂಡಿದ್ದ ತಂದೆತಾಯಿಗೆ. ಹರೆಯದಲ್ಲಿ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದ. ಅಲ್ಲಿ ಓದು ಬಾರದ ಒಬ್ಬ ಹಿರಿಯ ಗಣಿ ಕಾರ್ಮಿಕ ತನ್ನ ಮನೆಯನ್ನು ಸಂಜೆ ಹೊತ್ತು ಎಲ್ಲರೂ ಸೇರುವ ಜಾಗ ಮಾಡಿದ್ದ. ಹುಡುಗ ಅಲ್ಲಿ ಪೇಪರ್ ಓದಿ ಹೇಳಬೇಕು, ಬದಲಿಗೆ ಹಣ್ಣು, ಐಸ್‌ಕ್ರೀಮ್. ಅಂತರ್ಯುದ್ಧದಲ್ಲಿ ಕಾದಾಡಿದ ಕಪ್ಪು ಸೈನಿಕರ ಕಥೆಗಳನ್ನು ವುಡ್‌ಸನ್ ಮೊದಲು ಕೇಳಿದ್ದು ಅಲ್ಲೇ. ಅವನು ಹೈಸ್ಕೂಲಿಗೆ ಸೇರಿದಾಗ ವಯಸ್ಸು ಸುಮಾರು ಇಪ್ಪತ್ತು. 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್. ಅಲ್ಲಿ ಆ ಪದವಿ ಪಡೆದ ಕಪ್ಪು ಜನರಲ್ಲಿ ಮೊದಲನೆಯವರು ಡಬ್ಲ್ಯು.ಇ.ಬಿ. ಡುಬೊಯಿಸ್, ಎರಡನೆಯವನು ಈತ.

ಗಣಿಯ ಮನೆಯಲ್ಲಿ ಕೇಳಿದ ಕಥೆಗಳು ಹಾರ್ವರ್ಡ್‌ನ ಪುಸ್ತಕಗಳಲ್ಲಿ ಇರಲಿಲ್ಲ. ವುಡ್‌ಸನ್‌ನ ಮುಂದಿನ ಬದುಕೆಲ್ಲ ಆ ಕೊರತೆ ತುಂಬುವುದರಲ್ಲೇ ಹೋಯಿತು. 1915ರಲ್ಲಿ ಚರಿತ್ರೆಗಾಗಿ ಒಂದು ಸಂಸ್ಥೆ, ಮರುವರ್ಷ ಒಂದು ಸಂಶೋಧನಾ ಪತ್ರಿಕೆ, 1926ರ ಫೆಬ್ರವರಿಯ ಎರಡನೇ ವಾರದಲ್ಲಿ 'ನೀಗ್ರೊ ಹಿಸ್ಟರಿ ವೀಕ್'. ಫೆಬ್ರವರಿಯೇ ಏಕೆಂದರೆ ಲಿಂಕನ್ ಜನ್ಮದಿನ 12, ಡಗ್ಲಸ್ 14. ಕಪ್ಪು ಜನ ಆ ದಿನಗಳನ್ನು ಆಗಲೇ ಆಚರಿಸುತ್ತಿದ್ದರು. ವಾರ ತಿಂಗಳಾಗಿ ಹಿಗ್ಗಿ, ಅಧ್ಯಕ್ಷ ಫೋರ್ಡ್ ಅದನ್ನು ಮಾನ್ಯ ಮಾಡಿದ್ದು 1976ರಲ್ಲಿ.

ಅದೇ 1926ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ 135ನೇ ಬೀದಿಯ ಲೈಬ್ರರಿಗೆ ಆರ್ಟುರೊ ಷೊಂಬರ್ಗ್ ಎಂಬಾತನ ಸಂಗ್ರಹ ಬಂತು. ಪೋರ್ಟೊರಿಕೊದಲ್ಲಿ ಹುಟ್ಟಿದ ಆತನಿಗೆ ಚಿಕ್ಕಂದಿನಲ್ಲಿ ಟೀಚರೊಬ್ಬರು ಕಪ್ಪು ಜನರಿಗೆ ಚರಿತ್ರೆಯೇ ಇಲ್ಲ ಎಂದಿದ್ದರಂತೆ. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುತ್ತ ಜೀವನವಿಡೀ ಕಪ್ಪು ಜನರ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಕೂಡಿಹಾಕಿದ. ಅವನ ಕಪಾಟಿನಲ್ಲಿ ಫಿಲಿಸ್ ವೀಟ್ಲಿಯೂ ಇದ್ದಳು. 10,000 ಡಾಲರಿಗೆ ಅದನ್ನು ಲೈಬ್ರರಿಗಾಗಿ ಕೊಂಡರು, ಯಾರು ಬೇಕಾದರೂ ಬಂದು ಓದಬಹುದಾಯಿತು. ಮತ್ತೆ ಅದೇ ವರ್ಷ ಅದೇ ಹಾರ್ಲೆಮ್‌ನ ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ತರುಣನ ಮೊದಲ ಸಂಕಲನ ಹೊರಬಂತು. ಕಪ್ಪು ಜನರ ಬ್ಲೂಸ್ ಹಾಡಿನ ಲಯ, ಬೀದಿಯ ಮಾತು. ಸಾಕ್ಷಿ ಹೇಳುವ ಹೊರೆ ಸಾಕು, ನಾವು ಹೇಗಿದ್ದೇವೋ ಹಾಗೆ ಹಾಡುತ್ತೇವೆ ಎಂಬ ದನಿ ಅವನದು. ನಮ್ಮ ಹುಡುಗಿ ಬಾಯಿಪಾಠ ಮಾಡಿದ್ದು ಅವನದೇ ನದಿಗಳ ಪದ್ಯ. ಹೈಸ್ಕೂಲು ಮುಗಿಸಿದ ಹೊಸತರಲ್ಲಿ, ರೈಲು ಮಿಸಿಸಿಪ್ಪಿ ದಾಟುವಾಗ ಅದನ್ನು ಬರೆದಿದ್ದ.

ಅಂಗಡಿಯ ಹಿಂದಿನ ಕೋಣೆ

ಅಕ್ಷರ ಬಂದ ಮೇಲೂ ಓಟು ಬಂದಿರಲಿಲ್ಲ. ದಕ್ಷಿಣದಲ್ಲಿ ಓಟಿಗೆ ಹೆಸರು ಹಚ್ಚಿಸಲು ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕು ಎಂಬಂಥ ಪರೀಕ್ಷೆಗಳಿದ್ದವು. ಮುಟ್ಟಬಾರದೆಂದೇ ಎತ್ತರಕ್ಕೆ ಕಟ್ಟಿದ ನೆಲುವಿನ ಹಾಗೆ.

ದಕ್ಷಿಣ ಕರೋಲಿನಾದ ಜಾನ್ಸ್ ದ್ವೀಪದಲ್ಲಿ ಏಸಾವ್ ಜೆಂಕಿನ್ಸ್ ಎಂಬುವನು ಜನರನ್ನು ಕೆಲಸಕ್ಕೆ ಪಟ್ಟಣಕ್ಕೆ ಬಸ್ಸಿನಲ್ಲಿ ಒಯ್ಯುತ್ತ, ದಾರಿಯಲ್ಲೇ ಸಂವಿಧಾನದ ಸಾಲು ಹೇಳಿಸುತ್ತಿದ್ದ. 1957ರ ಜನವರಿಯಲ್ಲಿ ಅಲ್ಲಿ ಒಂದು ಸಂಜೆ ಶಾಲೆ ಶುರುವಾಯಿತು. ಬಿಳಿಯರ ಕಣ್ಣಿಗೆ ಬೀಳದಂತೆ ಮುಂಭಾಗದಲ್ಲಿ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ತರಗತಿ. ಇದರ ಹಿಂದಿದ್ದವಳು ಸೆಪ್ಟಿಮಾ ಕ್ಲಾರ್ಕ್. ಎನ್‌ಎಎಸಿಪಿ ಸದಸ್ಯತ್ವ ಬಿಡುವುದಿಲ್ಲ ಎಂದದ್ದಕ್ಕೆ 1956ರಲ್ಲಿ ಸರ್ಕಾರಿ ಶಿಕ್ಷಕಿಯ ಕೆಲಸ ಕಳೆದುಕೊಂಡಿದ್ದಳು. ಪಾಠ ಹೇಳಲು ಅವಳು ಆರಿಸಿದ್ದು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಬರ್ನಿಸ್ ರಾಬಿನ್‌ಸನ್‌ಳನ್ನು. ಟೀಚರಾದರೆ ದೊಡ್ಡವರನ್ನೂ ಮಕ್ಕಳಂತೆ ಗದರುತ್ತಾರೆ. ಪಾರ್ಲರಿನವಳಿಗೆ ಜನರ ಮಾತು ಕೇಳುವ ಅಭ್ಯಾಸವಿರುತ್ತದೆ. ಮೊದಲ ದಿನ ಅವಳು ಕೇಳಿದ್ದು, ನಿಮಗೇನು ಕಲಿಯಬೇಕು ಎಂದು. ತಮ್ಮ ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿಯಾರ್ಡರ್ ಫಾರಂ ತುಂಬಬೇಕು ಎಂದರು. ಅಲ್ಲಿಂದಲೇ ಪಾಠ. ನಮ್ಮ ಸಾಕ್ಷರತಾ ಆಂದೋಲನದಲ್ಲಿ ಹೆಬ್ಬೆಟ್ಟು ಬಿಟ್ಟು ಮೊದಲ ರುಜು ಹಾಕಿದ ಅಜ್ಜಿಯರ ಮುಖ ಕಂಡವರಿಗೆ ಆ ಕೋಣೆ ಹೇಗಿತ್ತೆಂದು ಹೇಳಬೇಕಾಗಿಲ್ಲ. 1961ರಲ್ಲಿ ಈ 'ಪೌರತ್ವ ಶಾಲೆ'ಗಳನ್ನು ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಸ್ಥೆ ವಹಿಸಿಕೊಂಡು ದಕ್ಷಿಣದುದ್ದಕ್ಕೂ ಹಬ್ಬಿಸಿತು. 1965ರ ಮತದಾನ ಹಕ್ಕು ಕಾಯ್ದೆ ಆ ಪರೀಕ್ಷೆಗಳಿಗೆ ತಡೆ ಹಾಕಿತು.

ಅದೇ 1965ರಲ್ಲಿ ಡೆಟ್ರಾಯ್ಟಿನ ಲೈಬ್ರರಿಯನ್ ಡಡ್ಲಿ ರ್‍ಯಾಂಡಲ್ ಒಂದೊಂದು ಹಾಳೆಗೆ ಒಂದೊಂದು ಪದ್ಯ ಅಚ್ಚು ಹಾಕಿ ಅಗ್ಗವಾಗಿ ಮಾರತೊಡಗಿದ. 1950ರಲ್ಲಿ ಪುಲಿಟ್ಜರ್ ಬಹುಮಾನ ಪಡೆದ ಮೊದಲ ಕಪ್ಪು ಲೇಖಕಿ ಗ್ವೆಂಡೊಲಿನ್ ಬ್ರೂಕ್ಸ್, ತನ್ನ ದೊಡ್ಡ ಪ್ರಕಾಶಕರನ್ನು ಬಿಟ್ಟು ಈ ಸಣ್ಣ ಮುದ್ರಣಕ್ಕೆ ಬಂದಳು. ಶಾಲಾ ಮಕ್ಕಳ ಪದ್ಯಸ್ಪರ್ಧೆಗೆ ಕೈಯಿಂದ ಬಹುಮಾನದ ಹಣ ಕೊಡುತ್ತಿದ್ದಳು.

ನಮಗೂ ಇದಕ್ಕೂ

ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಹಾರ್ಲೆಮ್‌ಗೆ ಮಗ್ಗುಲಲ್ಲೇ ಇದೆ. 1946ರಲ್ಲಿ ಅವರು ಡುಬೊಯಿಸ್‌ಗೆ ಪತ್ರ ಬರೆದು, ಕಪ್ಪು ಅಮೆರಿಕನ್ನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು; ಡುಬೊಯಿಸ್ ಉತ್ತರ ಬರೆದರು. 1972ರಲ್ಲಿ ಮುಂಬೈಯ ದಲಿತ ಯುವಕರು ತಮ್ಮ ಸಂಘಟನೆಗೆ ಪ್ಯಾಂಥರ್ಸ್ ಹೆಸರನ್ನು ಅಮೆರಿಕದ ಕಪ್ಪು ಜನರ 'ಬ್ಲ್ಯಾಕ್ ಪ್ಯಾಂಥರ್' ಪಕ್ಷದಿಂದಲೇ ತಂದರು. ಕರ್ನಾಟಕದಲ್ಲಿ ಅದೇ ದಶಕದಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳು ಸಭೆ, ಮೆರವಣಿಗೆಗಳಲ್ಲಿ ಮೊಳಗಿದವು.

ಆಫ್ರಿಕಾ ಮೂಲದ ಸಿದ್ದಿಗಳು ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲೇ ಇದ್ದಾರೆ. ಅವರ ಚರಿತ್ರೆ ಬೇರೆ, ಪೋರ್ಚುಗೀಸರ ಗೋವೆಯ ಕಡೆಯಿಂದ ಕಾಡು ಸೇರಿದವರ ಕಥೆ ಅದು. ಅಮೆರಿಕದ ಕಥೆಯೊಂದಿಗೆ ಬೆರೆಸಬಾರದು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಲ್ಲಿನ ಹೆಂಗಸರು ಹೊಲಿಯುವ ಕೌದಿಗಳು ಈಗ ದೇಶ ದಾಟಿ ಹೋಗುತ್ತಿವೆ.

ಹುಡುಗಿಗೆ ಇಷ್ಟೆಲ್ಲ ಒಂದೇ ಸಲ ಹೇಳಲಾಗಲಿಲ್ಲ. ಹಾರ್ಲೆಮ್‌ನ ಆ ಲೈಬ್ರರಿ ಅವಳ ಮನೆಯಿಂದ ರೈಲಿನಲ್ಲಿ ಹೋಗುವಷ್ಟು ಹತ್ತಿರ, ಅಪ್ಪನ ಜೊತೆ ಹೋಗಿ ಬಾ ಎಂದೆ. ಅದಕ್ಕೀಗ ಷೊಂಬರ್ಗ್ ಹೆಸರೇ ಇದೆ. ಒಳಗೆ ಹೋದರೆ ನೆಲದಲ್ಲಿ ಒಂದು ದೊಡ್ಡ ವೃತ್ತ, ಅದರಲ್ಲಿ ನದಿಗಳ ಗೆರೆಗಳು, ನಡುವೆ ಅವಳು ಬಾಯಿಪಾಠ ಮಾಡಿದ ಪದ್ಯದ ಕೊನೆಯ ಸಾಲು. ಅದರ ಕೆಳಗೆ, ಲ್ಯಾಂಗ್‌ಸ್ಟನ್ ಹ್ಯೂಸ್‌ನ ಚಿತಾಭಸ್ಮ ಇಟ್ಟಿದ್ದಾರೆ.